ಗೊರಕೆಯ ಶಸ್ತ್ರಚಿಕಿತ್ಸೆಗೆ ವಿಮೆ ಪಡೆಯುವುದು ಹೇಗೆ?

ಬರೀ ಗೊರಕೆಯ ಶಸ್ತ್ರಚಿಕಿತ್ಸೆಗೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದೆಯೆಂದು ದಾಖಲೆ ತೋರಿಸಿದರೆ ಅದೇ ಶಸ್ತ್ರಚಿಕಿತ್ಸೆಯ ಕ್ಲೇಮಿಗೆ ಬಲ ಬರುತ್ತದೆ. ಆದ್ದರಿಂದ ಮಂಗಳೂರು, ದೇರಳಕಟ್ಟೆ ಅಥವಾ ಮಣಿಪಾಲದ ಕಿವಿ, ಮೂಗು, ಗಂಟಲು ತಜ್ಞರು ಆಪರೇಷನ್ ಬೇಕೆಂದಾಗ, ದಿನ ಗೊತ್ತುಮಾಡುವ ಮೊದಲೇ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟವನ್ನು ಅಳೆಯುವ ಪರೀಕ್ಷೆ ಮಾಡಿಸಿಕೊಳ್ಳಿ.

ಉಸಿರು ಕನಿಷ್ಠ 10 ಸೆಕೆಂಡು ನಿಂತ ಅಥವಾ ಕುಗ್ಗಿದ ಘಟನೆಗಳು ಗಂಟೆಗೆ ಸರಾಸರಿ ಎಷ್ಟೆಂಬುದನ್ನು ಈ ಪರೀಕ್ಷೆಯ ವರದಿ ಎ.ಎಚ್.ಐ. ಎಂಬ ಅಂಕಿಯಲ್ಲಿ ಹೇಳುತ್ತದೆ. ವಯಸ್ಕರಲ್ಲಿ ಅದು 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರೊಳಗಿದ್ದರೆ ಮಧ್ಯಮ, 30 ಮೀರಿದರೆ ತೀವ್ರ. ಪರೀಕ್ಷೆಗೆಂದೇ ಅಡ್ಮಿಟ್ ಆದರೆ ಪಾಲಿಸಿ ಆ ಖರ್ಚು ಭರಿಸುವುದಿಲ್ಲ. ಆದರೆ ಮುಂದೆ ಶಸ್ತ್ರಚಿಕಿತ್ಸೆಯ ಕ್ಲೇಮು ಮಂಜೂರಾದರೆ, ಪರೀಕ್ಷೆಯ ಖರ್ಚನ್ನು ಆಸ್ಪತ್ರೆ ದಾಖಲಾತಿಗೆ ಮುಂಚಿನ 30 ಅಥವಾ 60 ದಿನಗಳ ವೆಚ್ಚವೆಂದು ಪಾಲಿಸಿಯ ಪ್ರಕಾರ ಕೇಳಲು ಅವಕಾಶವಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ವೈದ್ಯರ ಪತ್ರ. ಎ.ಎಚ್.ಐ. ಎಷ್ಟು, ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರುದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬಳಸಿ ನೋಡಲಾಯಿತೇ, ಅದು ಏಕೆ ಒಗ್ಗಲಿಲ್ಲ, ಅಡ್ಡಿಯಿರುವುದು ಟಾನ್ಸಿಲ್‌ನಲ್ಲೋ, ಕಿರುನಾಲಿಗೆ ಮತ್ತು ಮೃದು ಅಂಗುಳದಲ್ಲೋ, ವಕ್ರವಾದ ಮೂಗಿನ ನಡುಗೋಡೆಯಲ್ಲೋ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಲಿ. ದಾಖಲಾತಿ ಚೀಟಿಯಲ್ಲಿ ಬರೇ ‘ಗೊರಕೆ’ ಎಂದಿದ್ದರೆ ಅದನ್ನು ಸರಿಪಡಿಸಲು ಅಲ್ಲಿಯೇ ವಿನಂತಿಸಿಕೊಳ್ಳಿ. ನಿಜವಾದ ಕಾಯಿಲೆಯ ಹೆಸರು ಬರೆಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ನಂತರ ಪಾಲಿಸಿಯ ಕಾಯುವ ಅವಧಿ, ಅಂದರೆ ಪಾಲಿಸಿ ಕೊಂಡ ಮೇಲೆ ಆ ಕಾಯಿಲೆಗೆ ಕ್ಲೇಮು ಸಿಗದ ಕಾಲ ಎಷ್ಟೆಂದು ನೋಡಿ. ಟಾನ್ಸಿಲ್, ಮೂಗಿನ ನಡುಗೋಡೆಯ ಆಪರೇಷನ್‌ಗೆ ಅನೇಕ ಪಾಲಿಸಿಗಳಲ್ಲಿ 24 ತಿಂಗಳು ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಈಗಿನ ನಿಯಮದಂತೆ ಗರಿಷ್ಠ 36 ತಿಂಗಳು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಕ್ಲೇಮಾದರೆ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ಅಥವಾ ಹೆಚ್ಚಿರಬೇಕು. ತೀವ್ರ ಸ್ಲೀಪ್ ಆಪ್ನಿಯಾ ಜೊತೆಗಿದ್ದರೆ 35 ಸಾಕು. ಮನೆಯಲ್ಲಿ ಬಳಸುವ ಸಿಪ್ಯಾಪ್ ಯಂತ್ರಕ್ಕೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿರುವ ಮಣಿಪಾಲ ಆರೋಗ್ಯ ಕಾರ್ಡ್ ರಿಯಾಯಿತಿಗೆ ಉಪಯುಕ್ತವೇ ಹೌದು, ಆದರೆ ಅದು ವಿಮೆಯಲ್ಲ.

ನಗದುರಹಿತ ಸೌಲಭ್ಯಕ್ಕೆ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ವರದಿ ಮತ್ತು ಪತ್ರವನ್ನು ಮುಂಚಿತವಾಗಿ ಕೊಡಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐ.ಆರ್.ಡಿ.ಎ.ಐ.ಯ 2024ರ ಸುತ್ತೋಲೆಯ ಪ್ರಕಾರ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಬೇಕು. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.