ಹದಿನೇಳು ಬ್ಯಾಟರಿ

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಾರೆ. ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಅಂಥ 17 ಬ್ಯಾಟರಿ ಇದ್ದವು. ಮಂದಿ ನಾವು ನಾಲ್ಕೇ. 9 ಬ್ಯಾಟರಿಗಳ ಡಬ್ಬಿ ಕೂಡ ಒಡೆದಿರಲಿಲ್ಲ. ಜೊತೆಗೆ ಐದು ಕೈಗಡಿಯಾರ, ಎರಡು ಡ್ರಿಲ್ ಮಷಿನ್. ಗೋಡೆಗೆ ಮೊಳೆ ಹೊಡೆಯೋಕೂ ಪಕ್ಕದ ಮನೆಯವರನ್ನು ಕರೆಯುವ ಆಸಾಮಿ ನಾನು.

ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಮಾಸ್ತರ. ಹುಡುಗರಿಗೆ ಚಕ್ರಬಡ್ಡಿ ಕಲಿಸೋನು. ಅಂಥವನು ಎರಡು ಕ್ರೆಡಿಟ್ ಕಾರ್ಡಿನ ಮೇಲೆ 1,86,000 ರೂಪಾಯಿ ಸಾಲ ಮಾಡಿ, ಮನೆಯಲ್ಲಿ ಹೇಳದೆ ಎರಡು ವರ್ಷ ಓಡಾಡಿದೆ.

ಕೊಳ್ಳುವ ಗೀಳು ಹೇಗಿರುತ್ತೆ ಅಂದ್ರೆ, ಫೋನಿನಲ್ಲಿ ಆರ್ಡರ್ ಮಾಡಿದ ಪಾರ್ಸೆಲ್ಲನ್ನು ಶಾಲೆ ವಿಳಾಸಕ್ಕೆ ತರಿಸುತ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುವಾಗ ಕಿಸೆಯಲ್ಲಿ ಫೋನ್ ನಡುಗಿದರೆ ಎದೆ ಹಾರುತ್ತಿತ್ತು. ಕುರಿಯರ್ ಹುಡುಗ ಗೇಟಿಗೆ ಬಂದಿದ್ದಾನೆ! ಬೆಲ್ ಆದ ಮೇಲೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಕೈವಾರದ ಮೊನೆಯಿಂದ ಟೇಪ್ ಸೀಳುತ್ತಿದ್ದೆ. ಒಳಗಿಂದ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಬಟನ್ ಒತ್ತಿ ಗೋಡೆ ಮೇಲೆ ಒಮ್ಮೆ ಬೆಳಕು ಬಿಡೋದು. ಮುಗೀತು. ಡಬ್ಬಿ ಮುಚ್ಚುವಷ್ಟರಲ್ಲಿ ಆಸೆ ಆರಿ, ಹೊಟ್ಟೆಯಲ್ಲಿ ಕಲ್ಲು ಕೂತಂಗೆ ಆಗುತ್ತಿತ್ತು. ಕೊನೆಕೊನೆಗೆ ಡಬ್ಬಿ ಒಡೆಯೋದನ್ನೂ ಬಿಟ್ಟೆ. ಆರ್ಡರ್ ಮಾಡುವ ಆ ಗಳಿಗೆಯೊಂದೇ ಬೇಕಾಗಿತ್ತು ನನಗೆ.

ಹೆಂಡತಿಗೆ ಗೊತ್ತಾಗಿದ್ದು ಸ್ಕೂಟರ್ ಡಿಕ್ಕಿಯಿಂದ. ಕಾಯಿಪಲ್ಲೆ ಚೀಲ ಹುಡುಕೋಕೆ ಹೋದವಳಿಗೆ ಮೂರು ಡಬ್ಬಿ ಸಿಕ್ಕವು. ಜಗಳ ಮಾಡಲಿಲ್ಲ. ಡಬ್ಬಿಗಳನ್ನು ಕಟ್ಟೆ ಮೇಲೆ ಸಾಲಾಗಿ ಇಟ್ಟು ಸ್ವಲ್ಪ ಹೊತ್ತು ನೋಡಿದಳು. "ರೀ, ಇದು ಚಟಾನೂ ಅಲ್ರೀ. ಕುಡುಕರು ಬಾಟ್ಲಿ ಮುಚ್ಚಳರ ತೆಗೀತಾರ" ಅಂದಳು. ಆಮೇಲೆ ನೋಡಿದ ಎಲ್ಲ ಡಾಕ್ಟರಿಗಿಂತ ಮೊದಲು ನನ್ನ ಕಾಯಿಲೆ ಪತ್ತೆ ಹಚ್ಚಿದವಳು ಅವಳೇ.

ಮೊದಲು ತೋರಿಸಿದ ಡಾಕ್ಟರು ನಕ್ಕುಬಿಟ್ಟರು. "ರೊಕ್ಕ ಭಾಳ ಆಗ್ಯದ ಸರ ನಿಮಗ" ಅಂದರು. ಆ ಮಾತಿಗೆ ಎರಡು ತಿಂಗಳು ಮತ್ತೆ ಬಾಯಿ ಬಿಡಲಿಲ್ಲ ನಾನು. ಆಮೇಲೆ ಒಂದು ರಾತ್ರಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಪುಕ್ಕಟೆ ಸೇವೆ, ಕನ್ನಡದಲ್ಲೇ ಮಾತಾಡಿದರು. ಯಾರೂ ನಗಲಿಲ್ಲ. ಮನೋವೈದ್ಯರನ್ನು ನೋಡಿ ಅಂದರು.

ಹೋಗಿದ್ದು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ. ಧಾರವಾಡ ಅಂದ್ರೆ ನಮ್ಮ ಕಡೆ ಏನರ್ಥ ಅಂತ ಗೊತ್ತಲ್ವಾ? ಸಣ್ಣವನಿದ್ದಾಗ ಅವ್ವ ಬೈಯೋದೇ ಹಾಗೆ, "ಧಾರವಾಡಕ್ಕ ಕಳಸ್ಬೇಕ ನಿನ್ನ" ಅಂತ. ಶಾಲೆಯಲ್ಲಿ ಸಂಬಂಧಿಕರ ಮದುವೆ ಅಂತ ಸುಳ್ಳು ಹೇಳಿ ಬಸ್ ಹತ್ತಿದೆ. ದಾರಿಯಲ್ಲಿ ಕೊಲ್ಹಾರದಲ್ಲಿ ಗಡಿಗೆ ಮೊಸರು ಕಂಡವು. ನಾಲ್ಕು ಗಡಿಗೆ ತಗೊಂಡೆ. ಒಬ್ಬನೇ ಹೊರಟವನು, ಅದೂ ಆಸ್ಪತ್ರೆಗೆ!

ಮೊದಲ ದಿನ ಬರೀ ಪ್ರಶ್ನೆ. ನಿದ್ದೆ ಎಷ್ಟು? ಮೂರು ತಾಸು ಮಲಗಿದರೂ ಹುರುಪು ಇರುತ್ತಾ? ದೊಡ್ಡ ದೊಡ್ಡ ಯೋಜನೆ ಹಾಕ್ತೀರಾ? ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆಯಲ್ಲಿ, ಏರಿದ ಹೊತ್ತಿಗೂ ಜನ ಹೀಗೆ ದುಡ್ಡು ಚೆಲ್ಲುತ್ತಾರೆ, ಅದರ ಚಿಕಿತ್ಸೆಯೇ ಬೇರೆ, ಅದಕ್ಕೆ ಈ ವಿಚಾರಣೆ. ನನ್ನದು ಅದಲ್ಲ ಅಂತ ಖಾತ್ರಿ ಆದ ಮೇಲೆ ಡಾಕ್ಟರು ಒಂದು ವಿಷಯ ಹೇಳಿದರು. ಜರ್ಮನಿಯ ಎಮಿಲ್ ಕ್ರೆಪೆಲಿನ್ ಎಂಬ ಮನೋವೈದ್ಯರು 1915ರಲ್ಲೇ ಈ ಕೊಳ್ಳುವ ಗೀಳಿನ ಬಗ್ಗೆ ಬರೆದಿದ್ದರಂತೆ, ಒನಿಯೋಮೇನಿಯಾ ಅಂತ ಹೆಸರು. ಆಗ ಮೊಬೈಲಾದರೂ ಎಲ್ಲಿತ್ತು? ಅದನ್ನು ಕೇಳಿಯೇ ನನ್ನ ಅರ್ಧ ಭಾರ ಇಳೀತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಇದನ್ನು ತುಡಿತ ತಡೆಯಲಾಗದ ಕಾಯಿಲೆಗಳ ಜೊತೆ ಸೇರಿಸಿದ್ದಾರೆ. ಅಮೆರಿಕದ ಮನೋವೈದ್ಯರ ಪಟ್ಟಿ ಡಿಎಸ್‌ಎಂ-5 ಮಾತ್ರ ಇದನ್ನು ಬೇರೆ ಕಾಯಿಲೆ ಅಂತ ಎಣಿಸಿಲ್ಲ.

ಗುಳಿಗೆ ಕೊಡ್ರಿ ಅಂದೆ. ಇದಕ್ಕೇ ಅಂತ ಗುಳಿಗೆ ಇಲ್ಲ ಅಂದರು. ಫ್ಲುವೋಕ್ಸಮೈನ್ ಅನ್ನೋ ಖಿನ್ನತೆಯ ಗುಳಿಗೆಯನ್ನು ಅಧ್ಯಯನಗಳಲ್ಲಿ ಕೊಟ್ಟು ನೋಡಿದಾಗ, ಔಷಧಿಯೇ ಇಲ್ಲದ ಗುಳಿಗೆ ನುಂಗಿದವರಿಗೂ ಅಷ್ಟೇ ಗುಣ ಕಂಡಿತ್ತಂತೆ. ಖಿನ್ನತೆ, ಆತಂಕ ಜೊತೆಗಿದ್ದರೆ ಅದಕ್ಕೆ ಔಷಧಿ ಉಂಟು. ನನಗೆ ಹೇಳಿದ್ದು ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ. ಅಂದ್ರೆ ತುಡಿತದ ಹಿಂದಿರುವ ಯೋಚನೆ ಹಿಡಿಯೋದು, ಕೈಗೆ ಬೇರೆ ರೂಢಿ ಕಲಿಸೋದು. 12 ಸಲ ಕೂತೆವು, ಕೊನೆಯ ಕೆಲವು ಫೋನಿನಲ್ಲಿ.

ಸಿಬಿಟಿ ಮಾಡಿಸಿದ ಮೇಡಂ ಮೊದಲು ಒಂದು ನೋಟ್‌ಬುಕ್ ಇಡೋಕೆ ಹೇಳಿದರು. ತುಡಿತ ಬಂದ ಹೊತ್ತು, ಅದಕ್ಕೂ ಮುಂಚೆ ಏನಾಯ್ತು, ಮನಸ್ಸು ಹೇಗಿತ್ತು, ಕೊಂಡೆನಾ ಬಿಟ್ಟೆನಾ. ಸಂಬಳದ ದಿನ ಜಾಸ್ತಿ ಕೊಳ್ತೀನಿ ಅಂತ ನನ್ನ ಲೆಕ್ಕ. ಮೂರು ವಾರದಲ್ಲಿ 23 ಸಲ ಬರೆದೆ. 15 ಸಲ ತಮ್ಮನ ಜೊತೆ ಹೊಲದ ಪಾಲಿನ ಮಾತಾಗಿ ಅರ್ಧ ತಾಸಿನೊಳಗೆ ಬಂದಿತ್ತು. ಫೋನಿನಲ್ಲಿ ಅವನಿಗೆ ಒಂದು ಮಾತು ತಿರುಗಿ ಹೇಳಲಾರೆ, ಇಟ್ಟ ಮೇಲೆ ಅದೇ ಫೋನಿನಲ್ಲಿ ಬ್ಯಾಟರಿ ನೋಡ್ತೀನಿ. ಬ್ಯಾಟರಿಯೇ ಯಾಕೆ? ಅಪ್ಪ ರಾತ್ರಿ ಹೊಲಕ್ಕೆ ಒಯ್ಯುತ್ತಿದ್ದ ಮೂರು ಸೆಲ್ಲಿನ ಬ್ಯಾಟರಿ ನೆನಪಾಗಿ ಹೇಳಿದೆ. ಮೇಡಂ ಅದನ್ನು ದೊಡ್ಡದು ಮಾಡಲಿಲ್ಲ. "ಕಾರಣ ಆಮೇಲೆ ಹುಡುಕೋಣು ಸರ, ಮೊದಲ ಕೈ ಹಿಡಿಯೋಣು" ಅಂದರು. ನನಗೆ ಅದೇ ಸರಿ ಅನಿಸಿತು.

ಎರಡನೇ ಕೆಲಸ ಕಷ್ಟದ್ದು. ದುಡ್ಡು, ಫೋನು ಎರಡೂ ಮನೆಯಲ್ಲಿಟ್ಟು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಗೆ ಹೋಗಬೇಕು. ಅಂಗಡಿಯಲ್ಲಿ ಬ್ಯಾಟರಿ ಕೈಗೆ ತಗೊಂಡು, ನೋಡಿ, ವಾಪಸ್ ಇಟ್ಟು, ತುಡಿತ ಇಳಿಯೋವರೆಗೆ ಅಲ್ಲೇ ನಿಲ್ಲಬೇಕು. ಮೊದಲ ದಿನ 25 ನಿಮಿಷ ಹಿಡೀತು. ಅಂಗೈ ಒದ್ದೆ. ಅಂಗಡಿಯವನು ಬೇರೆ, "ತಗೋರಿ ಸರ, ನಿಮಗಂತ ಕಡಿಮಿ ಮಾಡ್ತೀನಿ" ಅಂತ ಬೆನ್ನು ಬಿಡಲಿಲ್ಲ. ತುಡಿತ ಹಾಲು ಉಕ್ಕಿದಂಗೆ ಏರುತ್ತೆ. ಕೆಳಗೆ ಉರಿ ಹಾಕದಿದ್ದರೆ ತಾನೇ ಇಳಿಯುತ್ತೆ. ಇದನ್ನು ಕೇಳಿ ನಂಬೋದು ಬೇರೆ, ಅಂಗಡಿ ಮುಂದೆ ನಿಂತು ನೋಡೋದು ಬೇರೆ. ಐದನೇ ಸಲ 8 ನಿಮಿಷ ಸಾಕಾಯಿತು.

ಆ್ಯಪ್ ಡಿಲೀಟ್ ಮಾಡಿ ಅಂತ ಎಲ್ಲರೂ ಹೇಳ್ತಾರೆ. ಸುಮ್ನೆ. ಎರಡು ನಿಮಿಷದಲ್ಲಿ ಮತ್ತೆ ಹಾಕಿಕೊಂಡಿದ್ದೇನೆ, ಒಂದಲ್ಲ ಹತ್ತು ಸಲ. ಉಪಯೋಗಕ್ಕೆ ಬಂದಿದ್ದು ಬೇರೆ ಉಪಾಯ. ಬ್ಯಾಂಕಿಗೆ ಜೋಡಿಸಿದ ಸಿಮ್ಮನ್ನು ಹಳೇ ಬಟನ್ ಫೋನಿಗೆ ಹಾಕಿ ಹೆಂಡತಿ ಕೈಗೆ ಕೊಟ್ಟೆ. ಸ್ಮಾರ್ಟ್‌ಫೋನಿನಲ್ಲಿ ಯುಪಿಐ ನಿಂತಿತು, ಓಟಿಪಿಗೂ ಅವಳನ್ನೇ ಕೇಳಬೇಕು. ವಾರಕ್ಕೆ 1,500 ರೂಪಾಯಿ ನಗದು. ನೋಟು ಎಣಿಸಿ ಕೊಡುವಾಗ ಕೈಗೆ ಗೊತ್ತಾಗುತ್ತೆ ನೋಡಿ, ಆ ಸಂಕಟ ಫೋನಿನಲ್ಲಿ ಬರಲ್ಲ. ನಲವತ್ತರ ಗಂಡಸು ಹೆಂಡತಿ ಹತ್ತಿರ ದುಡ್ಡು ಕೇಳೋದು ಅಂದ್ರೆ ನಾಚಿಕೆಯೇ. ಇತ್ತು, ಹೋಯಿತು.

ಸಾಲದ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿದಂಗೆ ಒಮ್ಮೆ ಕಾಗದದಲ್ಲಿ ಮಾಡಿದೆ. ತಿಂಗಳ ಬಡ್ಡಿ ನೂರಕ್ಕೆ ಮೂರೂವರೆ. 1,86,000ಕ್ಕೆ 6,510 ರೂಪಾಯಿ. ಬಡ್ಡಿ ಮೇಲೆ 18% ಜಿಎಸ್‌ಟಿ, ಅದು 1,172. ನಾನು ಜಾಣನಂತೆ ಪ್ರತಿ ತಿಂಗಳು ಕಟ್ಟುತ್ತಿದ್ದ 'ಕನಿಷ್ಠ ಮೊತ್ತ' 5%, ಅಂದ್ರೆ 9,300. ಅಸಲು ಇಳಿಯೋದು ಬರೀ 1,618! ಮೇಲೆ ಹೊಸ ಬ್ಯಾಟರಿ ಬೇರೆ. ನೌಕರರ ಪತ್ತಿನ ಸಂಘದಲ್ಲಿ ವರ್ಷಕ್ಕೆ 12%ರ ಸಾಲ ತೆಗೆದು ಎರಡೂ ಕಾರ್ಡ್ ಮುಗಿಸಿ, ಮುಚ್ಚಿಸಿದೆ. ಸಂಘದ ಕಂತು ಇನ್ನೂ ಇದೆ.

ಜಾರಿ ಬಿದ್ದದ್ದೂ ಉಂಟು. ನವರಾತ್ರಿ ಸೇಲ್ ಹೊತ್ತಿಗೆ ಮನೆ ಮುಂದೆ ನಗದು ಕೊಡುವ ಹಾಗೆ ಎರಡು ಆರ್ಡರ್ ಮಾಡಿದೆ, ವಾರದ ದುಡ್ಡು ಉಳಿಸಿಟ್ಟುಕೊಂಡು. ಮೊದಲಾಗಿದ್ದರೆ ಮುಚ್ಚಿಡುತ್ತಿದ್ದೆ. ಈ ಸಲ ಹೆಂಡತಿಗೆ ಹೇಳಿದೆ, ನೋಟ್‌ಬುಕ್ಕಿನಲ್ಲಿ ಬರೆದೆ. ಒಂದು ವಾಪಸ್ ಹೋಯಿತು. ಇನ್ನೊಂದಕ್ಕೆ ವಾಪಸಿನ ಅವಧಿ ಮುಗಿದಿತ್ತು.

ಕಳೆದ ಬೇಸಿಗೆಯಲ್ಲಿ ಬ್ಯಾಟರಿಗಳನ್ನೆಲ್ಲ ಚೀಲಕ್ಕೆ ತುಂಬಿ ಊರಿಗೆ ಒಯ್ದೆ. ಅಲ್ಲಿ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಕೊಡೋದು ಎಷ್ಟೋ ಸಲ ರಾತ್ರಿಯೇ. ತಮ್ಮ ನಡುರಾತ್ರಿ ಎದ್ದು ಮೋಟರ್ ಚಾಲೂ ಮಾಡೋಕೆ ಹೋಗ್ತಾನೆ. ಕಟ್ಟೆ ಮೇಲೆ ಸುರಿದೆ. ಚಾರ್ಜ್ ಮಾಡದೆ ಬಿದ್ದು ಬಿದ್ದು ಆರು ಬ್ಯಾಟರಿ ಸತ್ತೇ ಹೋಗಿದ್ದವು. "ಇಷ್ಟ್ಯಾಕ ತಗೊಂಡಿದ್ಯೋ ಅಣ್ಣಾ?" ಅಂದ. ಧಾರವಾಡಕ್ಕೆ ಹೋಗಿದ್ದನ್ನು ಹೇಳಿದೆ. ಅವನ ಫೋನುಗಳ ವಿಷಯ ಹೇಳಲಿಲ್ಲ. ಅದು ಇನ್ನೂ ಬಾಕಿ. ಅವನು ಒಂದೊಂದನ್ನೇ ಒತ್ತಿ ಒತ್ತಿ ನೋಡಿ, ಚೆನ್ನಾಗಿ ಹತ್ತುವ ಎರಡನ್ನು ತೆಗೆದು ಪಕ್ಕಕ್ಕಿಟ್ಟುಕೊಂಡ. "ಉಳಿದವು ಓಣಿಯವ್ರಿಗೆ ಕೊಡು" ಅಂದ.