ಅಡುಗೆ ಟೈಮರ್‌ನಿಂದ ಟೈಮ್‌ಲ್ಯಾಪ್ಸ್‌ಗೆ ತಿರುಗುವ ಸ್ಟ್ಯಾಂಡ್

ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ತೆಗೆದ ಫೋಟೊ ಜೋಡಿಸಿದ ವೇಗದ ವಿಡಿಯೊ) ತೆಗೆಯುವಾಗ ಕ್ಯಾಮೆರಾವನ್ನು ನಿಧಾನಕ್ಕೆ ತಿರುಗಿಸಲು, ತಿರುವಿ ಬಿಡುವ 60 ನಿಮಿಷದ ಅಡುಗೆ ಟೈಮರ್ ಇದ್ದರೆ ಮೋಟಾರ್ ಬೇಕಿಲ್ಲ. ಅದು ನಿಮಿಷಕ್ಕೆ 6 ಡಿಗ್ರಿ ತಿರುಗುತ್ತದೆ. ಟೈಮರ್‌ನ ತಲೆಯನ್ನು ಮರಳು ಕಾಗದದಿಂದ ಉಜ್ಜಿ, ನಟ್ಟನಡುವೆ ಕ್ಯಾಮೆರಾದ ತಳದ ತೂತಿಗೆ ಹೊಂದುವ ಕಾಲಿಂಚಿನ ಬೋಲ್ಟನ್ನು (ಇಂಚಿಗೆ 20 ಥ್ರೆಡ್) ಎಪಾಕ್ಸಿ ಅಂಟಿನಲ್ಲಿ ನೆಟ್ಟಗೆ ಕೂರಿಸಿ, ಒಂದು ರಾತ್ರಿ ಬಿಡಿ. ಅಂಗಡಿಯಲ್ಲಿ 6 ಎಂಎಂ ಬೋಲ್ಟ್ ಕೊಟ್ಟರೆ ದಯವಿಟ್ಟು ಬೇಡ ಅನ್ನಿ. ದಪ್ಪ ಹೆಚ್ಚುಕಡಿಮೆ ಅದೇ, ಥ್ರೆಡ್ ಅಂತರ ಮಾತ್ರ ಬೇರೆ. ಬಲವಂತ ಮಾಡಿದರೆ ಕ್ಯಾಮೆರಾದ ಥ್ರೆಡ್ಡೇ ಹಾಳು.

ಹೋಲ್ಡರ್‌ನಲ್ಲಿರುವ ಫೋನ್ ಅಥವಾ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಮಾತ್ರ ಇಡಿ. ಭಾರ ಒಂದು ಬದಿಗೆ ವಾಲಿದರೆ ಗಿಯರ್ ತಡವರಿಸಿ ವಿಡಿಯೊ ಕುಲುಕುತ್ತದೆ.

5 ಸೆಕೆಂಡಿಗೊಂದರಂತೆ 30 ನಿಮಿಷಕ್ಕೆ 360 ಫೋಟೊ, ಅರ್ಧ ಸುತ್ತು. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಸುಮಾರು 14 ಸೆಕೆಂಡ್ ವಿಡಿಯೊ. ಎರಡು ನಿಮಿಷ ಹೆಚ್ಚೇ ತಿರುವಿ, ಗಿಯರ್‌ನ ಸಡಿಲ ಕಳೆದ ಮೇಲೆ ಶುರು ಮಾಡಿ. ಸಾಮಾನ್ಯವಾಗಿ ಟೈಮರ್ ಬಲದಿಂದ ಎಡಕ್ಕೆ ತಿರುಗುತ್ತದೆ, ದೃಶ್ಯವನ್ನು ಅದಕ್ಕೆ ತಕ್ಕಂತೆ ಯೋಚಿಸಿ.