ಹತ್ತು ಹವ್ಯಾಸದ ಅಜ್ಜ: ನೆನಪಿನ ಕಡತ ಕಟ್ಟುವ ಬಗೆ

ಹುಟ್ಟಿದ್ದು, ಓದಿದ್ದು, ನಿವೃತ್ತಿಯಾದದ್ದು ಎಂದು ಇಸವಿ ಹಿಡಿದು ಬರೆಯಲು ಕೂತರೆ ಅಜ್ಜ ನಾಲ್ಕೇ ಪುಟಕ್ಕೆ ಮುಗಿದುಹೋಗುತ್ತಾರೆ. ರೇಡಿಯೊ ಬಿಚ್ಚಿ ಕೂರುತ್ತಿದ್ದವರು, ಅಂಚೆಚೀಟಿ ಕೂಡಿಡುತ್ತಿದ್ದವರು, ಚದುರಂಗದ ಮುಂದೆ ಹೊತ್ತು ಮರೆಯುತ್ತಿದ್ದವರು ಆ ಪುಟಗಳಲ್ಲಿ ಸಿಗುವುದಿಲ್ಲ. ಇಂಥವರ ಕಡತವನ್ನು ಹವ್ಯಾಸಕ್ಕೊಂದು ಭಾಗದಂತೆ ಕಟ್ಟುವುದೇ ಸರಿ.

ಮೊದಲು ಏನನ್ನೂ ಜೋಡಿಸಬೇಡಿ, ಒರೆಸಲೂ ಬೇಡಿ. ಪ್ರತಿ ಡ್ರಾಯರ್, ಡಬ್ಬಿ, ಕಪಾಟನ್ನು ಇದ್ದ ಹಾಗೇ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದು ನಂಬರ್ ಕೊಡಿ. ಅಂಚೆಚೀಟಿಯ ಡಬ್ಬಿಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಬೇರೆ ಮಾಡಿಟ್ಟ ಮೇಲೆ ಅದನ್ನು ಊಹಿಸುವವರೂ ಇರುವುದಿಲ್ಲ.

ಆಮೇಲೆ ಹವ್ಯಾಸಕ್ಕೊಂದು ಹಾಳೆ: ಯಾರಿಂದ ಕಲಿತರು, ಯಾರ ಜೊತೆ ಮಾಡಿದರು, ಯಾವುದು ಅರ್ಧಕ್ಕೇ ನಿಂತಿತು. ಉತ್ತರ ಗೊತ್ತಿರುವುದು ಹೆಚ್ಚಾಗಿ ಮನೆಯವರಿಗಲ್ಲ, ಆಟದ ಜೊತೆಗಾರರಿಗೆ. 'ಅಜ್ಜನ ಬಗ್ಗೆ ಹೇಳಿ' ಎಂದರೆ 'ಒಳ್ಳೆಯವರು' ಎಂಬಲ್ಲಿಗೆ ಮಾತು ನಿಲ್ಲುತ್ತದೆ. ವಸ್ತುವನ್ನೇ ಕೈಗಿತ್ತು 'ಇದನ್ನು ಹೇಗೆ ಹಿಡಿಯುತ್ತಿದ್ದರು?' ಎಂದು ಕೇಳಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಬಟ್ಟೆಯ ಮೇಲೆ ಒಂದು ಮೊಳ ದೂರದಲ್ಲಿಡಿ, ಫ್ಯಾನ್ ನಿಲ್ಲಿಸಿ. ಒಂದು ಸಲಕ್ಕೆ 40 ನಿಮಿಷ ಸಾಕು.

ಹೆಚ್ಚು ಹಾಳಾಗುವುದು ಅಂಟುಪುಟದ ಆಲ್ಬಂನ ಫೋಟೊಗಳು. ಆ ಅಂಟು ಕಾಲಕ್ರಮೇಣ ಹಳದಿಯಾಗಿ ಫೋಟೊವನ್ನೇ ಕಚ್ಚಿಕೊಳ್ಳುತ್ತದೆ. ಉಗುರಿನಿಂದ ಮೂಲೆ ಎತ್ತಿದರೆ ಫೋಟೊ ಬಾಗಿ ಮೇಲಿನ ಪದರ ಬಿರುಕು ಬಿಡುತ್ತದೆ. ಮೇಣವಿಲ್ಲದ ಹಲ್ಲಿನ ದಾರವನ್ನು ಒಂದಡಿ ತುಂಡು ಮಾಡಿ, ಫೋಟೊಗೂ ಪುಟಕ್ಕೂ ನಡುವೆ ಒಂದು ಮೂಲೆಯಿಂದ ತೂರಿಸಿ, ಗರಗಸ ಎಳೆದ ಹಾಗೆ ನಿಧಾನವಾಗಿ ಆಡಿಸಿ. ದಾರ ಸಿಕ್ಕಿಕೊಂಡಲ್ಲಿ ಜೋರು ಮಾಡದೆ ಎದುರು ಮೂಲೆಯಿಂದ ಬನ್ನಿ. ಅಲ್ಲೂ ಬಿಡದಿದ್ದರೆ ಪುಟ ಸಮೇತ ಸ್ಕ್ಯಾನ್ ಮಾಡಿ. ಬಿಡಿಸಿದ ಫೋಟೊದ ಹಿಂದೆ ಬಾಲ್ ಪೆನ್ ಬೇಡ, ಅದರ ಒತ್ತು ಮುಂಭಾಗದಲ್ಲಿ ಮೂಡುತ್ತದೆ. ಮೆತ್ತನೆಯ 2ಬಿ ಪೆನ್ಸಿಲ್‌ನಲ್ಲಿ ಅಂಚಿಗೆ ಬರೆಯಿರಿ. ಪ್ಲಾಸ್ಟಿಕ್ ಕವರುಗಳಲ್ಲಿ ಪಿವಿಸಿಯದ್ದಕ್ಕಿಂತ ಪಾಲಿಪ್ರೊಪಿಲಿನ್‌ನದ್ದು ಲೇಸು. ಲ್ಯಾಮಿನೇಷನ್ನಂತೂ ಮಾಡಿಸಲೇಬೇಡಿ, ಮತ್ತೆ ಬಿಡಿಸಲು ದಾರಿಯಿಲ್ಲ.

ಕಪ್ಪು ಹಾಳೆಯ ಹಳೇ ಆಲ್ಬಂ ಆಗಿದ್ದರೆ ಫೋಟೊ ಬಿಡಿಸುವುದೇ ತಪ್ಪು. ಬಿಳಿ ಪೆನ್ಸಿಲಿನಲ್ಲಿ ಅಡಿಬರಹ ಬರೆದ ಕೈ ಅವರದ್ದೇ ಇರಬಹುದು.

ಸ್ಕ್ಯಾನಿಂಗ್‌ಗೆ ಫೋಟೊಗಳಿಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ), ಟಿಪ್ಪಣಿ ಪುಸ್ತಕಗಳಿಗೆ 300. ಸ್ವಯಂಚಾಲಿತ ಬಣ್ಣ ತಿದ್ದುಪಡಿ ಆಫ್ ಇರಲಿ. 4×6 ಇಂಚಿನ ಬಣ್ಣದ ಫೋಟೊ ಟಿಫ್ ರೂಪದಲ್ಲಿ, ಅಂದರೆ ಚಿತ್ರದ ವಿವರ ಕಳೆಯದ ಫೈಲಿನಲ್ಲಿ, ಸುಮಾರು 26 ಎಂಬಿ ಆಗುತ್ತದೆ. ಹಂಚಲು ಜೆಪೆಗ್, ಇಟ್ಟುಕೊಳ್ಳಲು ಟಿಫ್.

ಇನ್ನು ಕ್ಯಾಸೆಟ್. ಟೇಪ್ ರೆಕಾರ್ಡರ್ ಮುಟ್ಟುವ ಮೊದಲೇ ಕ್ಯಾಸೆಟ್ಟಿನ ಮೇಲಂಚಿನ ಎರಡೂ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಅಜ್ಜನ ದನಿ ಅಳಿಸಿಹೋದೀತು. ಟೇಪ್ ತಾಗುವ ಬಾಯಿಯ ನಡುವೆ, ಸ್ಪ್ರಿಂಗ್ ಪಟ್ಟಿಯ ಮೇಲೆ, ಪುಟ್ಟದೊಂದು ಬಟ್ಟೆಯ ತುಣುಕಿರುತ್ತದೆ. ಅದು ಉದುರಿದ್ದರೆ ದನಿ ಮಂಕಾಗಿ, ಕಂಬಳಿ ಹೊದ್ದಂತೆ ಕೇಳುತ್ತದೆ. ಸ್ಕ್ರೂ ಇರುವ ಬೇರೆ ಕವಚಕ್ಕೆ ಟೇಪನ್ನು ಬದಲಿಸಬೇಕು. 120 ನಿಮಿಷದ ಕ್ಯಾಸೆಟ್ಟಿನ ಟೇಪ್ ತೀರ ತೆಳು, ಯಂತ್ರದೊಳಗೆ ಬೇಗ ಸುತ್ತಿಕೊಳ್ಳುತ್ತದೆ. ಅದನ್ನು ಒಂದೇ ಸಲ ನುಡಿಸಿ, ಆಗಲೇ ಕಂಪ್ಯೂಟರಿಗೂ ಏರಿಸಿ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದ ಸ್ಟೀರಿಯೊ ಧ್ವನಿಮುದ್ರಣದಲ್ಲಿ 90 ನಿಮಿಷಕ್ಕೆ ಸುಮಾರು ಒಂದೂವರೆ ಜಿಬಿ ಬೇಕು.

ಎಲ್ಲದಕ್ಕೂ ಮೂರು ಪ್ರತಿ, ಹಾರ್ಡ್ ಡಿಸ್ಕ್, ಪೆನ್ ಡ್ರೈವ್‌ನಂಥ ಎರಡು ಬಗೆಯ ಸಂಗ್ರಹದಲ್ಲಿ. ಒಂದು ಪ್ರತಿ ಇನ್ನೊಂದು ಮನೆಯಲ್ಲಿರಲಿ.

ಅರ್ಧ ರಿಪೇರಿಯಾಗಿ ನಿಂತ ವಾಲ್ವ್ ರೇಡಿಯೊ (ಒಳಗೆ ಗಾಜಿನ ಬುರುಡೆಯಂಥ ವಾಲ್ವ್‌ಗಳಿರುವ ಹಳೇ ರೇಡಿಯೊ) ಸಿಕ್ಕರೆ ಪ್ಲಗ್ ಹಾಕಿ ನೋಡುವ ಆಸೆ ಬರುವುದು ಸಹಜ. ಹಾಕಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು) ಕೈಕೊಟ್ಟು ಟ್ರಾನ್ಸ್‌ಫಾರ್ಮರ್ ಸುಡಬಹುದು. ಒಳಗಿನ ವೋಲ್ಟೇಜೂ ಅಪಾಯದ್ದು. ಯಾವ ತಂತಿ ಬಿಚ್ಚಿದೆ, ಎಲ್ಲಿಯವರೆಗೆ ಬೆಸುಗೆ ಬಿದ್ದಿದೆ ಎಂಬುದು ಕಾಣುವಂತೆ ಫೋಟೊ ತೆಗೆದು, ಅವರು ನಿಲ್ಲಿಸಿದಲ್ಲೇ ಬಿಟ್ಟು, ಮುಚ್ಚಳ ಹಾಕಿ.